ಒಂದು ಡಬ್ಬಿ ಅಂದರೆ ಒಂದು ಕಿಲೋ ಅಲ್ಲ

ಸುಮಿತ್ರಾಬಾಯಿ ಅಳೆಯುವುದನ್ನು ನೋಡಿದವರು ಅವರ ಅಂಗೈಯನ್ನು ಮರೆಯಲಾರರು. ಚೀಲದಿಂದ ತಗಡಿನ ಡಬ್ಬಿ ತುಂಬಿ ಎತ್ತಿ, ಅದರ ಬಾಯ ಮೇಲೆ ಅಂಗೈಯ ಅಂಚನ್ನು ಒಮ್ಮೆ ಎಳೆಯುವರು. ಗೋಪುರವಾಗಿ ನಿಂತ ಅಕ್ಕಿ ಮರಳಿ ಚೀಲಕ್ಕೆ. ಎರಡನೇ ಸಲ ಸವರಿದ್ದು ನಾನು ಕಂಡಿಲ್ಲ.

ಬೈಲಹೊಂಗಲ ತಾಲ್ಲೂಕಿನ ಒಂದು ಶಾಲೆಯಲ್ಲಿ ಅವರು ಬಿಸಿಯೂಟದ ಮುಖ್ಯ ಅಡುಗೆಯವರು. ಶಾಲೆಯ ಎದುರು ಸಾಲಿನಲ್ಲೇ ನನ್ನ ಮನೆ. ನಾನು ಪತ್ರಿಕೆಯೊಂದರ ತಾಲ್ಲೂಕು ವರದಿಗಾರ. ಬೌದ್ಧರಾದ ದಲಿತ ಮನೆತನದ ಹೆಂಗಸು ಅಡುಗೆಗೆ ಬಂದರೆಂದು ಮೊದಮೊದಲು ಕೆಲವು ಮಕ್ಕಳು ಮನೆಯಿಂದಲೇ ಬುತ್ತಿ ತರುತ್ತಿದ್ದರು. ಸುಮಿತ್ರಾಬಾಯಿ ಆ ಮಕ್ಕಳನ್ನೂ ಎಣಿಸಿಯೇ ಅಕ್ಕಿ ಇಡುತ್ತಿದ್ದರು. "ಹಸಿವಿ ಆದ್ರ ಬರತಾವ. ಆವಾಗ ಇಲ್ಲ ಅನಬಾರದು." ದೀಪಾವಳಿ ರಜೆಯ ಹೊತ್ತಿಗೆ ಬುತ್ತಿ ನಿಂತಿತು.

ಒಂದು ವರ್ಷ ಶಾಲೆಯ ತಕ್ಕಡಿ ಕೆಟ್ಟಿತು. ಹೆಡ್‌ಮಾಸ್ತರರು ಅಂಗಡಿಯಲ್ಲಿ ಒಂದು ಕಿಲೋ ಅಕ್ಕಿ ತೂಗಿಸಿ, ಅದು ಸರಿಯಾಗಿ ಹಿಡಿಸುವ ಡಬ್ಬಿ ತಂದು, ಇನ್ನು ಮುಂದೆ ಒಂದು ಡಬ್ಬಿ ಅಂದರೆ ಒಂದು ಕಿಲೋ ಎಂದರು. ಅಕ್ಕಿಗೇನೋ ಸರಿ, ಬೇಳೆಗೆ, ರವೆಗೆ ಹೇಗೆ ಎಂದು ಸುಮಿತ್ರಾಬಾಯಿ ಅಂದೇ ಕೇಳಿದ್ದರು. "ಜಾಗಾ ಬ್ಯಾರೆ, ವಜನ ಬ್ಯಾರೆ ಸರ್." ಹೆಡ್‌ಮಾಸ್ತರರು ನಕ್ಕು ಒಳಗೆ ಹೋದರು. ರಿಜಿಸ್ಟರಿನಲ್ಲಿ ಡಬ್ಬಿಗಳೆಲ್ಲ ಕಿಲೋಗಳಾದವು.

ಮೂರು ತಿಂಗಳ ನಂತರ ತಪಾಸಣೆಗೆ ಬಂದ ಅಧಿಕಾರಿ ತಕ್ಕಡಿ ತಂದಿದ್ದರು. ತೊಗರಿಬೇಳೆ ಮೂರು ಕಿಲೋ ಕಡಿಮೆ ಬಿತ್ತು. ಬೇಳೆ ಹೇಗೆ ಕಡಿಮೆಯಾಯಿತು ಎಂದು ಯಾರೂ ಕೇಳಲಿಲ್ಲ. ಯಾರ ಮನೆಗೆ ಹೋಯಿತು ಎಂದು ಕೇಳಿದರು. ಸುಮಿತ್ರಾಬಾಯಿಯನ್ನು ಅಡುಗೆಮನೆಯಿಂದ ಹೊರಗಿಟ್ಟರು. 'ಬಿಸಿಯೂಟದ ಬೇಳೆ ಮಾಯ' ಎಂದು ಬರೆದವನು ನಾನು. ಹೆಸರು ಹಾಕಿರಲಿಲ್ಲ. ಊರಿಗೆ ಹೆಸರು ಬೇಕಿರಲಿಲ್ಲ.

ವಿಚಾರಣೆಯ ದಿನ ಅವರು ಕಿರಾಣಿ ಅಂಗಡಿಯ ತಕ್ಕಡಿಯನ್ನು ತಾವೇ ಹೊತ್ತು ತಂದರು. ಎಲ್ಲರೆದುರು ಅದೇ ಡಬ್ಬಿಗೆ ಬೇಳೆ ತುಂಬಿ, ಸವರಿ, ತೂಗಿದರು. ಒಂದು ಕಿಲೋದ ಮೇಲೆ ಐವತ್ತು ಗ್ರಾಂ. ರವೆ ತೂಗಿದರು. ಎಂಟುನೂರ ಐವತ್ತು.

"ಬರಕೊಳ್ರಿ, ಪೇಪರಿನವರ," ಎಂದರು. ಬರೆದುಕೊಂಡೆ. ಆ ಮೂರು ತಿಂಗಳಲ್ಲಿ ಅರವತ್ತು ಡಬ್ಬಿ ಬೇಳೆ ಬೆಂದಿತ್ತು. ಡಬ್ಬಿಗೆ ಐವತ್ತು ಗ್ರಾಂನಂತೆ, ಕಳೆದುಹೋದ ಮೂರು ಕಿಲೋ ಮಕ್ಕಳ ಸಾರಿನಲ್ಲಿತ್ತು.

ಅಷ್ಟಕ್ಕೇ ಬಿಡಲಿಲ್ಲ. ಮೂಲೆಯಲ್ಲಿದ್ದ ರವೆಯ ಚೀಲ ಎಳೆದು ತಂದು ತೂಗಿಸಿದರು. ಪುಸ್ತಕದಲ್ಲಿ ಇದ್ದುದಕ್ಕಿಂತ ನಾಲ್ಕು ಕಿಲೋ ಹೆಚ್ಚಿತ್ತು.

"ಕಡಿಮಿ ಬಿದ್ದ ಬ್ಯಾಳಿ ನಿಮ್ಮ ಕಣ್ಣಿಗೆ ಬಿತ್ತು. ಹೆಚ್ಚಿಗಿ ಉಳದ ರವಾ ಯಾಕ ಬೀಳಲಿಲ್ರಿ? ನಾ ಕಳ್ಳಿ ಇದ್ರ ಮನ್ಯಾಗಿನ ರವಾ ತಂದ ಇಲ್ಲಿ ಸುರೀತಿದ್ನೇನು?"

ಅಧಿಕಾರಿ ಕನ್ನಡಕ ಒರೆಸಿಕೊಂಡರು. ಸಂಜೆಯೊಳಗೆ ಒಂದು ಪತ್ರ ತಯಾರಾಯಿತು: ತಪ್ಪನ್ನು ಮನ್ನಿಸಿ ಕೆಲಸಕ್ಕೆ ಮರಳಿ ತೆಗೆದುಕೊಳ್ಳಲಾಗಿದೆ. ಸಹಿ ಮಾಡಿಬಿಡು, ಕೆಲಸ ಉಳಿಯುತ್ತದೆ ಎಂದು ಹೆಡ್‌ಮಾಸ್ತರರು ಮೆಲ್ಲಗೆ ಹೇಳಿದರು. ಸುಮಿತ್ರಾಬಾಯಿ ಪೆನ್ನನ್ನು ಮೇಜಿನ ಆಚೆಗೆ ಸರಿಸಿದರು.

"ಮನ್ನಿಸಾಕ ನಾ ಏನ ಮಾಡೇನ್ರಿ?"

ಹನ್ನೊಂದು ದಿನ ಅಡುಗೆಯ ಹೊತ್ತಿಗೆ ಬಂದು ಶಾಲೆಯ ಕಟ್ಟೆಯ ಮೇಲೆ ಕೂತರು. ಊಟದ ಗಂಟೆ ಮುಗಿದ ಮೇಲೆ ಎದ್ದು ಹೋದರು. ಹನ್ನೆರಡನೆಯ ದಿನ ಪತ್ರ ಬದಲಾಗಿ ಬಂತು: ತಪ್ಪು ಅಳತೆಯದು, ಅಡುಗೆಯವರದಲ್ಲ. ಬೆರಳಿಟ್ಟು ಒಂದೊಂದೇ ಪದ ಓದಿ ಸಹಿ ಮಾಡಿದರು.

ಕೊನೆಯ ಸಲ ಅವರು ಸಿಕ್ಕಿದ್ದು ಬೈಲಹೊಂಗಲದ ಬಸ್‌ಸ್ಟ್ಯಾಂಡಿನಲ್ಲಿ. ವಯಸ್ಸಾಯಿತೆಂದು ಕೆಲಸದಿಂದ ಬಿಡಿಸಿದ್ದರು. ರಾಮದುರ್ಗಕ್ಕೆ, ಮಗಳ ಮನೆಗೆ ಹೊರಟಿದ್ದರು. ಕುಶಲ ಕೇಳಿದೆ. ಅವರು ಬಹಳ ದಿನ ಇಟ್ಟುಕೊಂಡಿದ್ದ ಪ್ರಶ್ನೆಯೊಂದನ್ನು ತೆಗೆದರು.

"ಕಳವು ಅಂದಾಗ ನಿಮ್ಮ ಪೇಪರಿನ್ಯಾಗ ಇಷ್ಟ ದೊಡ್ಡ ಅಕ್ಷರ. ಕಳವು ಅಲ್ಲ ಅಂದಾಗ ಒಳಗಿನ ಹಾಳ್ಯಾಗ ಎರಡ ಬೆರಳ ಅಗಲ. ಯಾಕರಿ?"

ಅಂದು ಪುಟದಲ್ಲಿ ಜಾಗ ಇರಲಿಲ್ಲ ಎಂದೆ.

"ಮೊದಲ್ನೇ ಸಲ ಎಲ್ಲಿಂದ ಬಂದಿತ್ರಿ?"

ರಾಮದುರ್ಗದ ಬಸ್ಸು ಬಂತು. ಚೀಲ ಎತ್ತಿಕೊಂಡು ಹತ್ತಿದರು, ಕಿಟಕಿಯ ಬಳಿ ಕೂತರು, ಬಸ್ಸು ಹೊರಡುವವರೆಗೂ ನನ್ನನ್ನು ನೋಡುತ್ತಲೇ ಇದ್ದರು.