ತಗಡಿನ ಇಂಜಿನ್ನಿಗೆ ಹಾಕಿದ ಹೊಗೆ

ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ ಬೈಲಹೊಂಗಲದ ಪೇಟೆಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇತ್ತು. ಕಂಪ್ಯೂಟರಿನಲ್ಲಿ ಫೋಟೋ ತಿದ್ದುವವನೆಂದರೆ ಆಗ ಅರ್ಧ ಮಂತ್ರವಾದಿ. ಮದುಮಗನ ಬೊಕ್ಕ ತಲೆಗೆ ಕೂದಲು ಹಚ್ಚುತ್ತಿದ್ದೆ, ತೀರಿಹೋದ ಅಜ್ಜನನ್ನು ಮೊಮ್ಮಗಳ ಮದುವೆಯ ಅಕ್ಕಿಕಾಳಿಗೆ ತಂದು ನಿಲ್ಲಿಸುತ್ತಿದ್ದೆ. ಇದೆಲ್ಲ ಸುಳ್ಳೆಂದು ಕೊಟ್ಟವರಿಗೂ ಗೊತ್ತು, ಕೊಂಡವರಿಗೂ ಗೊತ್ತು, ಹಾಗಾಗಿ ನನಗೆ ಅಂಜಿಕೆ ಇರಲಿಲ್ಲ. ಅಂಜಿಕೆ ಶುರುವಾದದ್ದು ರಾಮದುರ್ಗದಿಂದ ಬಂದ ಒಂದು ಫೋನಿನಿಂದ.

ಅಪ್ಪ ಹುಬ್ಬಳ್ಳಿಯಲ್ಲಿ ಉಗಿ ಇಂಜಿನ್ನಿನ ಡ್ರೈವರ್ ಆಗಿದ್ದವರು. ಅದೇ ಇಂಜಿನ್ನಿನಲ್ಲಿ ಅವರ ಜೋಡಿ ಫೈರ್‌ಮನ್ ಆಗಿ, ಒಲೆಗೆ ಕಲ್ಲಿದ್ದಲು ಹಾಕುತ್ತ ನಿಂತವರನ್ನು ನಾನು ಕಾಕಾ ಎನ್ನುತ್ತಿದ್ದೆ. ರಂಜಾನಿಗೆ ಅವರ ಮನೆಯ ಸುರಕುಂಬಾ ಪಾಯಸ ಅಪ್ಪನ ಡಬ್ಬಿಯಲ್ಲಿ ನಮಗೆ, ಸಂಕ್ರಮಣಕ್ಕೆ ನಮ್ಮ ಎಳ್ಳು ಹಚ್ಚಿದ ರೊಟ್ಟಿ ಅವರಿಗೆ. ತೊಂಬತ್ತರ ದಶಕದಲ್ಲಿ ಉಗಿ ಇಂಜಿನ್ನುಗಳ ಕಾಲ ಮುಗಿಯಿತು, ಇವರ ನೌಕರಿಯೂ ಮುಗಿಯಿತು. ಅಪ್ಪ ಬೈಲಹೊಂಗಲಕ್ಕೆ ಬಂದರು, ಕಾಕಾ ರಾಮದುರ್ಗದ ಮಗಳ ಮನೆ ಸೇರಿದರು.

ಫೋನು ಮಾಡಿದ್ದು ಆ ಮಗಳೇ. "ನಮ್ಮ ಅಬ್ಬಾರ ಜ್ವರಾ ಬಿಟ್ಟೈತ್ರಿ. ಆದ್ರ ಅಬ್ಬಾ ತುತ್ತು ಬಾಯಿಗೆ ಇಡವಲ್ಲರು. ಹೊತ್ತು ಮುಣಗೂತನಾ ಇಂಜಿನ್ನಿಂದ ಮಾತು. ಅದರದೊಂದು ಫೋಟೋ ಐತೇನ್ರಿ ನಿಮ್ಮ ಕಡೆ? ನೋಡಿದ್ರರ ಸಮಾಧಾನ ಆಗಬಹುದು."

ನಾನು ಇಲ್ಲ ಎನ್ನುವಷ್ಟರಲ್ಲಿ ಅಪ್ಪ ಫೋನು ಕಸಿದುಕೊಂಡು, "ಐತಿ ಮಗಳ. ನಾನ ತಗೊಂಡ ಬರತೇನಿ," ಎಂದುಬಿಟ್ಟರು.

ಐತಿ ಎಲ್ಲಿಂದ? ದಿನಾ ಮಸಿ ಬಳಿದುಕೊಳ್ಳುವ ಇಂಜಿನ್ನಿನ ಫೋಟೋ ಯಾರು ತೆಗೆಸುತ್ತಾರೆ? ಅಪ್ಪ ಅಟ್ಟದ ಕಡೆ ಕೈ ತೋರಿಸಿದರು.

ಅಟ್ಟದ ಮೇಲೆ ಅವರ ತಗಡಿನ ಇಂಜಿನ್ ಇತ್ತು. ನಿವೃತ್ತಿಯಾದ ಹೊಸದರಲ್ಲಿ, ಕಣ್ಣು ಚೆನ್ನಾಗಿದ್ದಾಗ, ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಮಾಡಿದ್ದು. ಸೈಕಲ್ಲಿನ ಕಡ್ಡಿಗಳೇ ಹಳಿ, ಹಳೆಯ ಬಾಗಿಲಿನ ಹಲಗೆಯೇ ನೆಲ. ನಂಬರು ಸಹ ಅದೇ ಇಂಜಿನ್ನಿನದು. ಆಮೇಲೆ ಕಣ್ಣಿಗೆ ಪೊರೆ ಬಂದು ಅದನ್ನು ಮುಟ್ಟುವುದನ್ನೇ ಬಿಟ್ಟಿದ್ದರು. ಆಪರೇಷನ್ ಮಾಡಿಸೋಣವೆಂದರೆ ಚಳಿಗಾಲ ಬರಲಿ ಎನ್ನುತ್ತಿದ್ದರು, ಚಳಿಗಾಲ ಬಂದರೆ ಸುಗ್ಗಿ ಮುಗಿಯಲಿ ಎನ್ನುತ್ತಿದ್ದರು.

"ಇದನ್ನ ಖರೇದ್ದು ಮಾಡು," ಎಂದರು.

"ಕಾಕಾಗ ಗೊತ್ತಾದ್ರ?"

"ಗೊತ್ತಾಗಬಾರದು. ಅಂವಾ ನನ್ನ ಮಾತಿನ ಮ್ಯಾಲೆ ಜೀವಾ ಇಟ್ಟು ದುಡದಾಂವಾ. ಈಗ ಮುದುಕಾಗಿ ನಾ ಮೋಸಾ ಮಾಡಿದೆ ಅಂದ್ರ, ಉಣ್ಣೋದಿರಲಿ, ನನ್ನ ಮಾರೀನೂ ನೋಡಂಗಿಲ್ಲ."

ಹೀಗೆ ಹೇಳಿ ತಾವು ಹೋಗಿ ಮಲಗಿಕೊಂಡರು. ನಾನು ಅಟ್ಟ ಹತ್ತಿ ಇಂಜಿನ್ನನ್ನು ಕೆಳಗಿಳಿಸಿದೆ.

ಮರುದಿನ ಬೆಳಿಗ್ಗೆ ಮಾಳಿಗೆಯ ಮೇಲೆ ಹಲಗೆ ಇಟ್ಟು, ಎರೆಮಣ್ಣನ್ನು ಧೋತರದ ಬಟ್ಟೆಯಲ್ಲಿ ಸೋಸಿ ಹಳಿಯ ಸುತ್ತ ಹರವಿದೆ. ಸೋಸದಿದ್ದರೆ ಒಂದೊಂದು ಕಾಳು ಮಣ್ಣೂ ಬಂಡೆಗಲ್ಲಿನಷ್ಟು ಕಾಣುತ್ತದೆ. ಬೋರಲು ಮಲಗಿ ಇಂಜಿನ್ನಿನ ಚಕ್ರದ ಮಟ್ಟಕ್ಕೆ ಕ್ಯಾಮೆರಾ ಹಿಡಿದು ಫೋಟೋ ತೆಗೆದೆ. ಕಂಪ್ಯೂಟರಿಗೆ ಹಾಕಿ ನೋಡಿದರೆ ಬಾಯ್ಲರಿನ ಮೇಲೆ ಎಮ್ಮೆಯಷ್ಟು ದೊಡ್ಡ ಇರುವೆ! ಅದನ್ನು ಅಳಿಸಿದೆ. ಹಿಂದಿನ ಮನೆಯ ಒಣಹಾಕಿದ ಸೀರೆ ಅಳಿಸಿದೆ, ಹಲಗೆಯ ಅಂಚು ಅಳಿಸಿದೆ. ತಗಡಿನ ಹೊಳಪು ಕುಂದಿಸಿ, ಚಕ್ರಗಳಿಗೆ ಎಣ್ಣೆ ಜಿಡ್ಡು ಬಳಿದೆ. ಹಿನ್ನೆಲೆಗೆ ಮನೋಳಿಯ ಹತ್ತಿರ ತೆಗೆದಿದ್ದ ಜೋಳದ ಹೊಲ ಕೂಡಿಸಿದೆ. ಆದರೆ ಹೊಲದ ಬೇವಿನ ಗಿಡದ ನೆರಳು ಎಡಕ್ಕೆ, ಇಂಜಿನ್ನಿನ ನೆರಳು ಬಲಕ್ಕೆ. ಒಂದೇ ಹೊಲಕ್ಕೆ ಎರಡು ಸೂರ್ಯ! ಹೊಲವನ್ನೇ ಎಡಬಲ ತಿರುಗಿಸಿದೆ. ಅಷ್ಟರಲ್ಲಿ ಕರೆಂಟು ಹೋಗಿ, ಮಾಡಿದ್ದೆಲ್ಲ ಹೋಗಿ, ವಿದ್ಯುತ್ ಕಚೇರಿಯವರ ಏಳು ತಲೆಮಾರಿಗೆ ಸೇರುವಷ್ಟು ಬೈದು, ಮತ್ತೆ ಮೊದಲಿನಿಂದ ಕುಳಿತೆ.

ಉಳಿದದ್ದು ಹೊಗೆ. ರೈಲಿಲ್ಲದ ಊರಲ್ಲಿ ಶಾಲೆ ಕಲಿತವನು ನಾನು. ಅಪ್ಪ ಹುಬ್ಬಳ್ಳಿಯಲ್ಲಿ, ಅವ್ವ ಮತ್ತು ನಾನು ಅಜ್ಜಿಯ ಮನೆಯಲ್ಲಿ. ಹೊಗೆಯೆಂದರೆ ನನಗೆ ಕಿತ್ತೂರಿನ ದಾರಿಯ ಬೆಲ್ಲದ ಗಾಣಗಳದ್ದು. ಕಬ್ಬಿನ ಹಸಿ ಸೋಗೆಯ ರವದಿ ಒಲೆಗೆ ತುರುಕಿದಾಗ ಏಳುವ ಕರಿ ಹೊಗೆಯ ಫೋಟೋ ಒಂದು ನನ್ನಲ್ಲಿತ್ತು. ಅದನ್ನು ಕತ್ತರಿಸಿ, ಗಾಳಿಗೆ ಹಿಂದಕ್ಕೆ ಬಾಗಿಸಿ, ಇಂಜಿನ್ನಿನ ಚಿಮಣಿಗೆ ಕೂಡಿಸಿದೆ. ಆ ಕ್ಷಣಕ್ಕೆ ತಗಡು ಓಡತೊಡಗಿತು. ನನ್ನ ಕೆಲಸಕ್ಕೆ ನಾನೇ ಬೆರಗಾದೆ.

ಪ್ರಿಂಟನ್ನು ಅಪ್ಪ ಮೂಗಿನ ಹತ್ತಿರ ಹಿಡಿದು ಆ ಕಡೆ ಈ ಕಡೆ ವಾಲಿಸಿದರು. "ಬರೇ ಮಂಜು ಮಂಜು. ಹೊಗಿ ಐತೇನು?"

"ಭರ್ಜರಿ ಐತ್ರಿ."

"ಹಂಗಾರ ನಡಿ," ಎಂದರು.

ಸವದತ್ತಿಯಲ್ಲಿ ಬಸ್ಸು ಬದಲಿಸಿ ಕುಳಿತ ಮೇಲೆ ತಡೆಯಲಾರದೆ ಲಕೋಟೆಯಿಂದ ಫೋಟೋ ತೆಗೆದೆ. ಎಲ್ಲಿ ತಪ್ಪಿದ್ದೇನೆ, ಎಲ್ಲಿ ಸಿಕ್ಕಿಬೀಳುತ್ತೇನೆ ಎಂದು ಹುಡುಕುತ್ತಿದ್ದಾಗ ಪಕ್ಕದ ಪಟಗ ಸುತ್ತಿದ ಹಿರಿಯರು ಬಗ್ಗಿ ನೋಡಿದರು. "ಇದು ನಮ್ಮ ಮನೋಳಿ ಬೇವಿನಗಿಡ ಇದ್ದಂಗ ಐತಲ್ರಿ? ಅಲ್ಲಿ ಯಾವಾಗ ಬಂತ್ರಿ ರೈಲು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಫೋಟೋ ಒಳಗೆ ತುರುಕಿ, ಲಕೋಟೆಯ ಮೇಲೆಯೇ ಕುಳಿತೆ. ಹೊಲವನ್ನು ತಿರುಗಿಸಿದರೂ ಗುರುತು ಹಿಡಿದರಲ್ಲ! ಬಸ್ಸಿನಲ್ಲಿ ಸಿಕ್ಕ ಅಪರಿಚಿತನೇ ಗಿಡದ ಗುರುತು ಹಿಡಿಯುವುದಾದರೆ, ಆ ಇಂಜಿನ್ನಿನ ಹೊಟ್ಟೆಗೆ ವರ್ಷಗಟ್ಟಲೆ ಉಣಿಸಿದ ಮನುಷ್ಯ ಬಿಟ್ಟಾನೆಯೇ? ಇಳಿದು ಹಿಂದಕ್ಕೆ ಹೋಗೋಣ ಎಂದೆ. ಅಪ್ಪ ಕೇಳಿಸದವರಂತೆ ಕಿಟಕಿಯ ಕಡೆ ಮುಖ ಮಾಡಿ ಕುಳಿತರು.

ರಾಮದುರ್ಗದ ಮನೆಯಲ್ಲಿ ಕಾಕಾ ಹೊರಸಿನ ಮೇಲೆ ಗೋಡೆಗೆ ಒರಗಿದ್ದರು. ಕೈಗಳು ಒಣಗಿದ ತೊಗರಿ ಕಟ್ಟಿಗೆಯಂತಾಗಿದ್ದವು. ಅಪ್ಪನ ದನಿ ಕೇಳಿ ನಕ್ಕರು. ಫೋಟೋ ಕೊಟ್ಟೆ. ಬಹಳ ಹೊತ್ತು ನೋಡಿದರು. ಹೆಬ್ಬೆರಳು ಚಕ್ರಗಳ ಮೇಲೆ, ನಂಬರಿನ ಮೇಲೆ, ನಾನು ಅಂಚು ಅಳಿಸಿದ್ದ ಜಾಗದ ಮೇಲೆ ಮೆಲ್ಲಗೆ ಸರಿಯಿತು. ಬೆರಳು ಚಿಮಣಿಗೆ ಬಂದು ನಿಂತಿತು. ಹುಬ್ಬು ಗಂಟಿಕ್ಕಿತು.

ಮುಗಿಯಿತು ಎಂದುಕೊಂಡೆ.

"ಇಷ್ಟು ಕರೇ ಹೊಗಿ!" ಎಂದರು ಕಾಕಾ, ಒರಗಿದ್ದವರು ಎದ್ದು ಕುಳಿತು. "ಹಿಂಗ ಕಲ್ಲಿದ್ದಲಿ ಸುರುವ್ಯಾನಲ್ಲ, ಯಾವ ಮಂಗ್ಯಾನಮಗ ಅಂವಾ? ಉರೀನೂ ಹತ್ತಿಲ್ಲ, ಉಗೀನೂ ಕಟ್ಟಿಲ್ಲ. ನನ್ನ ಕೈಯಾಗ ಎಂದರ ಹಿಂಗ ಹೊಗಿ ಕಾರಿತ್ತೇನು ಅಣ್ಣಾ? ತೆಳ್ಳಗ ಬೂದಿ ಬಣ್ಣದ್ದು ಬಿಟ್ಟು ಬ್ಯಾರೆ ಹೊಗಿ ನೋಡಿದ್ದಿ ಏನು?"

ನನಗೆ ಆಗ ತಿಳಿಯಿತು. ಕರಿ ಹೊಗೆ ಫೈರ್‌ಮನ್‌ಗೆ ಅವಮಾನವಂತೆ, ಹದಗೆಟ್ಟ ಬೆಂಕಿಯ ಗುರುತಂತೆ. ಕಾಕಾನ ಸಿಟ್ಟು ಅಷ್ಟಕ್ಕೇ ಇಳಿಯಿತು. ದನಿ ಸಣ್ಣದಾಯಿತು.

"ಇದು ನಾ ಇರಲಾರದ ದಿನದ್ದು. ಇದ್ದದ್ದು ಒಂದ ಒಂದು ಫೋಟೋ. ಅದರಾಗೂ ನಾ ಇಲ್ಲ ನೋಡು."

ಸುಳ್ಳೆಂದು ತಿಳಿದುಬಿಟ್ಟರೆ ಎಂದು ಅಷ್ಟು ದೂರ ನಡುಗುತ್ತ ಬಂದಿದ್ದೆ. ಅವರು ನಂಬಿದ್ದರು, ಮತ್ತು ಅದು ಇನ್ನೂ ಕೆಟ್ಟದಾಗಿತ್ತು. ಅಳು ಬಂತು ನನಗೆ. ಇದು ಇಂಜಿನ್ನೇ ಅಲ್ಲ ಕಾಕಾ, ಎಣ್ಣೆ ಡಬ್ಬಿ, ಹೊಗೆ ಗಾಣದ್ದು ಎಂದು ಹೇಳಿಬಿಡಲು ಬಾಯಿ ತೆರೆದೆ. ಅಪ್ಪ ತಡವುತ್ತ ಕೈ ಚಾಚಿ ನನ್ನ ಮೊಣಕಾಲನ್ನು ಗಟ್ಟಿಯಾಗಿ ಒತ್ತಿದರು. ಆಮೇಲೆ ಅದೇ ಕೈಯಿಂದ ಕಾಕಾನ ಹೆಗಲು ಹುಡುಕಿದರು.

"ಖರೇ ಐತಿ. ಅವತ್ತ ನೀ ಇರಲಿಲ್ಲ," ಎಂದರು. "ಏರಿನಾಗ ಗಾಡಿ ನಿಂತ ಬಿಟ್ಟಿತ್ತು. ನೀ ಇಲ್ಲಂದ್ರ ನಂದು ಹಿಂಗ ಆಗತೈತಿ, ತಮ್ಮಾ. ಅದನ್ನ ತೋರಸಾಕ ತಂದೇನಿ."

ಕಾಕಾ ಫೋಟೋವನ್ನು ದಿಂಬಿನ ಕೆಳಗೆ ಬೋರಲು ಹಾಕಿದರು. ಒಳಗಿನ ಕಡೆ ತಿರುಗಿ ಮಗಳನ್ನು ಕೂಗಿದರು. "ಬೇಟಿ, ಅಣ್ಣಾ ಹಸಗೊಂಡ ಬಂದಾನ. ರೊಟ್ಟಿ ಬಡಿ."

ರೊಟ್ಟಿ, ಬದನೆಕಾಯಿ ಪಲ್ಯ ಬಂತು. ಅಪ್ಪನ ಕೈ ತಾಟು ಸಿಗದೆ ಹೊರಸಿನ ಮೇಲೆ ತಡವುತ್ತಿತ್ತು. ಕಾಕಾ ಆ ಕೈ ಹಿಡಿದು ರೊಟ್ಟಿಯ ಮೇಲೆ ಇಟ್ಟರು.

"ಮೊದಲ ನೀ," ಎಂದರು ಅಪ್ಪ.

ಕಾಕಾ ಒಂದು ತುತ್ತು ಮುರಿದು ಬಾಯಿಗೆ ಇಟ್ಟುಕೊಂಡರು.