ಅಣ್ಣನ ಪಾಲಿನ ಎಣಿಕೆ

ಆ ವರ್ಷ ಶ್ರಾವಣ ಮುಗಿಯುವ ಹೊತ್ತಿಗೆ ಅಣ್ಣ ಕಾಮಾಲೆಯಿಂದ ತೀರಿಕೊಂಡ. ಎಪ್ಪತ್ತರ ದಶಕದ ಮೊದಲ ವರ್ಷಗಳು. ನನಗೆ ಹತ್ತೊಂಬತ್ತು, ಅವನಿಗೆ ಇಪ್ಪತ್ತೆರಡು. ಬೈಲಹೊಂಗಲದ ನಮ್ಮ ಮನೆಯ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತ ನಾನು ಎಷ್ಟು ದಿನ ಹಾಗೇ ಕೂತಿದ್ದೆನೋ. ಕಿಂಡಿಯಿಂದ ಬಿಸಿಲು ಇಳಿದು, ನೆಲದ ಮೇಲೆ ಮೆಲ್ಲಗೆ ಸರಿದು, ಎದುರಿನ ಗೋಡೆ ಹತ್ತಿ ಹೋಗುತ್ತಿತ್ತು. ಅವ್ವ ತಾಟು ತಂದಿಡುತ್ತಿದ್ದಳು, ಇಟ್ಟ ಹಾಗೆಯೇ ಒಯ್ಯುತ್ತಿದ್ದಳು. ಒಬ್ಬ ಹೋದ, ಇನ್ನೊಬ್ಬ ಕೂತಲ್ಲೇ ಹೋಗಿಬಿಡುತ್ತಾನೆ ಎಂಬ ಭಯ ಅವಳಿಗಿತ್ತು.

ನಮ್ಮಿಬ್ಬರಿಗೂ ಕುಸ್ತಿ ಕಲಿಸಿದ ವಸ್ತಾದರು ಹಗಲೆಲ್ಲ ಹತ್ತಿ ಬಿಡಿಸುವ ಜಿನ್ನಿನಲ್ಲಿ ಅಂಡಿಗೆ, ಅಂದರೆ ಹತ್ತಿಯ ಮೂಟೆ, ಹೊರುತ್ತಿದ್ದರು. ಗರಡಿಯೊಳಗೆ ಹೆಂಗಸರು ಕಾಲಿಡುವಂತಿರಲಿಲ್ಲ. ಅವ್ವ ಜಿನ್ನಿನ ಬಾಗಿಲಿಗೇ ಹೋಗಿ ನಿಂತಳಂತೆ. ಮರುದಿನ ನಸುಕಿನಲ್ಲಿ ಅವರೇ ಮನೆಗೆ ಬಂದರು. ಹುಬ್ಬಿನಲ್ಲಿ ಇನ್ನೂ ಹತ್ತಿಯ ಎಳೆ ಇತ್ತು.

“ವಸ್ತಾದರ, ಉಣ್ಣವಲ್ಲ, ಮಾತಾಡವಲ್ಲ,” ಎಂದಳು ಅವ್ವ.

“ಮಾತಾಡವ್ರು ಗರಡ್ಯಾಗ ಭಾಳ ಮಂದಿ ಅದಾರ ತಂಗೆವ್ವಾ. ಮಟ್ಟಿ ಹದಾ ಮಾಡವ್ರ ಇಲ್ಲ,” ಎಂದು ನನ್ನ ರಟ್ಟೆ ಹಿಡಿದು ಎಬ್ಬಿಸಿದರು.

ಮಟ್ಟಿ ಎಂದರೆ ಕುಸ್ತಿ ಆಡುವ ಕೆಂಪು ಮಣ್ಣು. ಅದನ್ನು ಸಲಿಕೆಯಿಂದ ಅಗೆದು, ಮಜ್ಜಿಗೆ, ಎಣ್ಣೆ, ಅರಿಶಿನ ಬೆರೆಸಿ ಮಿದು ಮಾಡಬೇಕು. ಮೊದಲ ಎಂಟು ದಿನ ನಾನು ಮಾಡಿದ್ದು ಅಷ್ಟೇ. ದೀಪದ ಬೆಳಕಿನಲ್ಲಿ ಕೆಂಪು ಧೂಳು ಏಳುತ್ತಿತ್ತು, ಬೀಳುವುದನ್ನು ಮರೆತಂತೆ ಅಲ್ಲೇ ತೇಲುತ್ತಿತ್ತು. ಬೆನ್ನು, ತೋಳು ನೋಯುತ್ತಿದ್ದವು. ಆ ನೋವಿಗೆ ಒಂದು ಜಾಗವಿತ್ತು, ಬೆರಳಿಟ್ಟು ತೋರಿಸಬಹುದಿತ್ತು. ಎಂಟನೆಯ ದಿನ ಮಧ್ಯಾಹ್ನ ಗಾಢ ನಿದ್ದೆ ಬಂತು.

ಆಮೇಲೆ ನೆಲಕ್ಕೆ ಕೈಯೂರಿ ದಂಡ ಹೊಡೆಯಲು ಹೇಳಿದರು. ನಮ್ಮ ಗರಡಿಯಲ್ಲಿ ದಂಡ ಹೊಡೆಯುವವರು ಜೋಡಿಯಾಗಿ ಎದುರುಬದುರು ನಿಲ್ಲಬೇಕು. ಒಬ್ಬ ಇಳಿದೆದ್ದು ‘ಒಂದು’ ಎಂದರೆ, ಇನ್ನೊಬ್ಬ ಇಳಿದೆದ್ದು ‘ಎರಡು’ ಎನ್ನಬೇಕು. ನನ್ನ ಜೋಡಿ ಯಾವತ್ತೂ ಅಣ್ಣನೇ. ನಾನು ಇಳಿದೆದ್ದು ಒಂದು ಎಂದೆ. ಕಾದೆ. ಮತ್ತೆ ಇಳಿದೆದ್ದು ಮೂರು ಎಂದೆ. ತಪ್ಪಿದ್ದು ನನಗೆ ಗೊತ್ತೇ ಆಗಲಿಲ್ಲ.

“ಏನಲೇ, ಎರಡು, ನಾಕು ಎಲ್ಲಾ ಇಲಿ ತಿಂದ್ವೇನು?” ಎಂದ ಮೂಲೆಯಲ್ಲಿ ಬಸ್ಕಿ ಹೊಡೆಯುತ್ತಿದ್ದವನೊಬ್ಬ.

“ನಿನ್ನ ಬಸ್ಕಿ ನೀ ಹೊಡಿ. ಅವಂದು ಅವಂಗ ಗೊತ್ತೈತಿ,” ಎಂದರು ವಸ್ತಾದರು.

ಅವರು ಬೇರೆ ಜೋಡಿ ಕೊಡಲಿಲ್ಲ. ದಿನಾ ನಸುಕಿಗೆ ನಾನು ಒಂದು, ಮೂರು, ಐದು ಎನ್ನುತ್ತ ಹೋದೆ. ನಡುವಿನ ಮೌನದಲ್ಲಿ ನನ್ನದೇ ಉಸಿರು ಗೋಡೆಗೆ ಬಡಿದು ಎದುರಿನಿಂದ ಬಂದಂತಿರುತ್ತಿತ್ತು. ಕಣ್ಣಿಗೆ ಬೆವರು ಇಳಿದಾಗ ಎದುರಿನ ಮಣ್ಣು ಏರಿ ಇಳಿದಂತೆ ಕಾಣುತ್ತಿತ್ತು. ನಾನು ಅವಸರ ಮಾಡುತ್ತಿರಲಿಲ್ಲ. ಅಣ್ಣ ಯಾವತ್ತೂ ನಿಧಾನ.

ದಸರೆಯ ಸುಮಾರಿಗೆ ಇರಬೇಕು. ಮೈ ಬಿಸಿಯಾಗಿತ್ತು, ತೋಳು ತಾನಾಗಿಯೇ ಇಳಿದೇಳುತ್ತಿತ್ತು. ಒಂದು ಎಂದೆ. ಹಿಂದೆಯೇ ನನ್ನ ಬಾಯಿಂದ ‘ಎರಡು’ ಬಂತು. ಅಲ್ಲೇ ನಿಂತುಬಿಟ್ಟೆ. ಅಣ್ಣನ ಪಾಲಿನದನ್ನು ಕಸಿದುಕೊಂಡೆ ಎನಿಸಿತು.

ವಸ್ತಾದರು ದೀಪದ ಬತ್ತಿ ಸರಿಮಾಡುತ್ತಿದ್ದರು. ತಿರುಗಿ ನೋಡಲಿಲ್ಲ.

“ಯಾಕ ನಿಂತಿ? ಅಂವಾ ಇದ್ದಿದ್ರ ಮೂರು ಅನ್ನು ಅಂತಿದ್ದ.”

ಮೂರು ಎಂದೆ. ನಾಲ್ಕು ಎಂದೆ. ಅಳುತ್ತಲೇ ಐವತ್ತು ಮುಟ್ಟಿಸಿದೆ. ಬೆವರಿನಲ್ಲಿ ಅದು ಯಾರಿಗೂ ಕಾಣಲಿಲ್ಲ.

ಮನೆಗೆ ಬಂದಾಗ ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ತಾಟಿಗೆ ಒಂದು ಹಾಕಿ, ನಾನು ಉಳಿಸುವುದನ್ನು ನೋಡಲಾರದೆ ದಿನದಂತೆ ಮುಖ ಆಚೆ ತಿರುಗಿಸಿದಳು. ತಿಂದು ಮುಗಿಸಿದೆ.

“ಅವ್ವಾ, ಇನ್ನೊಂದು ಹಾಕು,” ಎಂದೆ.

ಅವಳು ಈಚೆ ತಿರುಗಿದಳು. ಹಂಚಿನ ಮೇಲಿದ್ದದ್ದು ಇನ್ನೂ ಬೇಯುತ್ತಿತ್ತು. ಅದು ಉಬ್ಬುವವರೆಗೆ ಇಬ್ಬರೂ ನೋಡುತ್ತ ಕೂತೆವು.