ಐದನೆಯ ದಳ

ಜಗಳೂರಿನ ಬೋರ್ಡ್ ಪೇಂಟರ್ ಜಯಪ್ಪ ನಲವತ್ತು ವರ್ಷ ಊರಿನ ಗೋಡೆಗಳ ಮೇಲೆ ಬೇರೆಯವರ ಹೆಸರು ಬರೆದರು, ಗುಡಿಗಳಲ್ಲಿ ದೇವರ ಚಿತ್ರ ಬರೆದರು. ಫ್ಲೆಕ್ಸ್ ಬಂದ ಮೇಲೆ ಅವರ ಕುಂಚ ಮೂಲೆ ಸೇರಿತು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುವ ನಾನು ಅವರನ್ನು ಕಾಡುಹೂಗಳ ಚಿತ್ರಕ್ಕೆ ಕರೆದೆ. ಈ ಕುರುಚಲು ಗುಡ್ಡಗಳ ಹೂವಿನ ಪುಸ್ತಕವೊಂದು ನನ್ನ ಹುಚ್ಚು. ಫೋಟೊ ಸಾಲದೇ ಎನ್ನುವವರಿಗೆ ಉತ್ತರಿಸಿ ಸಾಕಾಗಿದೆ. ದಳದ ಮರೆಯ ಕೇಸರ, ಕಾಂಡದ ನವಿರುರೋಮ ಎಲ್ಲ ಒಟ್ಟಿಗೆ ಫೋಟೊದಲ್ಲಿ ಕಾಣುವುದಿಲ್ಲ, ಮಾರಾಯ್ರೇ. ಅದಕ್ಕೆ ಕೈ ಬೇಕು. ಜಯಪ್ಪನವರಿಗೆ ಅಂಥ ಕೈ ಇತ್ತು.

ಹೋದ ವರ್ಷ ಆಷಾಢದಲ್ಲಿ ಅವರೊಬ್ಬರೇ ಗುಡ್ಡಕ್ಕೆ ಹೋಗಿ, ಬಂಡೆಸಂದಿಯ ನೀಲಿ ಹೂವೊಂದನ್ನು ಬರೆದು ತಂದರು. ಒಂದೇ ಗಿಡ, ಕೀಳಲು ಮನಸ್ಸು ಬರಲಿಲ್ಲವಂತೆ. ಅದು ನನಗೆ ಗೊತ್ತಿದ್ದ ಯಾವ ಗಿಡಕ್ಕೂ ಹೊಂದಲಿಲ್ಲ. ಹೊಸ ಜಾತಿಯೇ ಆಗಿದ್ದರೆ ವಿಜ್ಞಾನಿಗಳ ಪತ್ರಿಕೆಯಲ್ಲಿ ಚಿತ್ರದ ಕೆಳಗೆ ನಿಮ್ಮ ಹೆಸರು ಅಚ್ಚಾಗುತ್ತದೆ ಎಂದೆ.

"ನನ್ನ ಹೆಸ್ರಾ ಮೇಡಂ?" ಎರಡು ಸಲ ಕೇಳಿದರು.

ಹದಿನೈದು ದಿನ ಪುಸ್ತಕಗಳನ್ನು ತಿರುವಿದೆ. ಒಂದು ವಿಷಯ ಒಗ್ಗಲಿಲ್ಲ. ಕೇಸರ ನಾಲ್ಕು, ದಳ ಐದು; ಇಂಥ ಬಿಡಿದಳದ ಹೂವಿನಲ್ಲಿ ಎರಡರ ಲೆಕ್ಕವೂ ಸಾಮಾನ್ಯವಾಗಿ ಒಂದೇ. ಅವರನ್ನೇ ಕೇಳಿದೆ.

"ದಳನೂ ನಾಲ್ಕೇ ಇದ್ವು. ಒಂದು ಕಡೆ ಬೋಳು. ಉದುರೈತೆ ಅಂದ್ಕಂಡು ತುಂಬಿದೆ. ಭಿನ್ನ ಆಗಿದ್ದನ್ನ ಹೆಂಗೆ ಬರೆಯಾದು? ಕೈ ಮುರಿದ ದೇವ್ರನ್ನ ಗುಡೀಲಿ ಬರೀತಾರೇನ್ರೀ?"

"ಗಿಡದಲ್ಲಿ ಎಷ್ಟು ಹೂವಿದ್ವು?"

"ಮೂರು." ಚಿತ್ರದ ಐದನೆಯ ದಳದ ಮೇಲೆ ಬೆರಳಿಟ್ಟರು. "ಮೂರೂ ಹಂಗೇ ಇದ್ವು ಮೇಡಂ."

ಮೂರರಲ್ಲೂ ಹಾಗೇ ಇದ್ದರೆ ಅದು ಉದುರಿದ್ದಲ್ಲ. ಆ ಬೋಳೇ ಅದರ ಗುರುತು.

ಮರುದಿನ ಬೆಳಿಗ್ಗೆಯೇ ಇಬ್ಬರೂ ಗುಡ್ಡಕ್ಕೆ ಹೋದೆವು. ಗಾಳಿಯಂತ್ರಕ್ಕೆ ದಾರಿ ಮಾಡಲು ಜೆಸಿಬಿ ಆ ಬಂಡೆಗಳನ್ನೇ ಎತ್ತಿ ಹಾಕಿತ್ತು. ಜಯಪ್ಪ ಮಧ್ಯಾಹ್ನದವರೆಗೂ ಬರಿಗೈಯಲ್ಲಿ ಮಣ್ಣು ಕೆದಕಿದರು. ಈ ವರ್ಷದ ಮಳೆ ಬಿದ್ದ ಮೇಲೂ ಅಲೆದೆವು, ಎಲ್ಲೂ ಕಾಣಲಿಲ್ಲ. ಗಿಡವಿಲ್ಲ, ಒಣಗಿಸಿಟ್ಟ ಮಾದರಿಯೂ ಇಲ್ಲ. ಉಳಿದದ್ದು ಒಂದು ಸುಳ್ಳು ಚಿತ್ರ; ಈಗ ತಿದ್ದಿದರೂ ಮಾದರಿಯಿಲ್ಲದೆ ಯಾರೂ ಒಪ್ಪುವುದಿಲ್ಲ. ಅವತ್ತು ಅವರ ಜೊತೆ ಹೋಗದ ನನ್ನ ಸೋಮಾರಿತನಕ್ಕೆ ಯಾರನ್ನು ಬೈಯಲಿ?

ಪುಸ್ತಕ ಅಚ್ಚಿಗೆ ಹೋಗುವಾಗ ಆ ಹಾಳೆಯನ್ನು ಹೊರಗೆ ತೆಗೆದೆ. ಜಯಪ್ಪ ನೋಡುತ್ತಿದ್ದರು.

"ಹಂಗಾದ್ರೆ ನಾನು ಬರೆದಿದ್ದು ಯಾವ ಹೂವು ಮೇಡಂ?"

"ಯಾವುದೂ ಅಲ್ಲ" ಎಂದೆ, ಸಿಟ್ಟಿನಲ್ಲಿ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವತ್ತಿನಿಂದ ಜಯಪ್ಪ ಒಂದು ಹೂವನ್ನೂ ಬರೆದಿಲ್ಲ. ಸಂತೆಯಲ್ಲಿ ಎದುರಾದರೆ "ನಮಸ್ಕಾರ ಮೇಡಂ" ಎನ್ನುತ್ತಾರೆ, ಮುಖ ನೋಡದೆ ದಾಟಿಹೋಗುತ್ತಾರೆ.